ಅಪ್ಪ 40 ವರ್ಷ ಬಾಯಿ ಬಿಡಲಿಲ್ಲ: ಕೋರೆಮಾತ್ಸು ಮನೆಯ ಒಂದು ಪ್ರಕರಣ

ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲು. 1960ರ ದಶಕ ಅರ್ಧ ದಾಟಿದ ಮೇಲಿನ ಮಾತು. ಸಮಾಜ ಪಾಠದ ಕ್ಲಾಸಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು ತಾನು ಓದಿದ ಪುಸ್ತಕದ ಬಗ್ಗೆ ಹೇಳುತ್ತಿದ್ದಾಳೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸರ್ಕಾರ ತನ್ನ ನೆಲದಲ್ಲೇ ಇದ್ದ ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿತ್ತು, ಒಬ್ಬ ಮನುಷ್ಯ ಒಪ್ಪದೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತಿದ್ದ, ಆ ಕೇಸಿನ ಹೆಸರು ಕೋರೆಮಾತ್ಸು ವರ್ಸಸ್ ಯುನೈಟೆಡ್ ಸ್ಟೇಟ್ಸ್ ಅನ್ನುತ್ತಾಳೆ. ಇಡೀ ಕ್ಲಾಸು ತಿರುಗಿ ಕ್ಯಾರನ್ ಕೋರೆಮಾತ್ಸು ಮುಖ ನೋಡುತ್ತದೆ. 16 ವರ್ಷದ ಕ್ಯಾರನ್‌ಗೆ ತಲೆಬುಡ ಗೊತ್ತಿಲ್ಲ. ಈ ಹೆಸರಿನವರು ಜಾಸ್ತಿ ಇಲ್ಲ ಅನ್ನೋದಷ್ಟೇ ಗೊತ್ತು. ನಮ್ಮ ಬಳಗದಲ್ಲೇ ಯಾರೋ ಮಾನ ಕಳೆದವನಿರಬೇಕು ಅಂದುಕೊಂಡಳಂತೆ.

ಮನೆಗೆ ಬಂದವಳೇ ಅಮ್ಮನನ್ನು ಕೇಳಿದಳು. ಅಮ್ಮ ಕ್ಯಾಥ್ರಿನ್ ಸುತ್ತಿ ಬಳಸಲಿಲ್ಲ. ಹೌದು, ಅದು ನಿಮ್ಮಪ್ಪನೇ ಅಂದರು. ಅಪ್ಪ ಕೆಲಸದಿಂದ ಬರೋವರೆಗೆ ಕಾಯಬೇಕಾಯಿತು. ಅಪ್ಪ ಬಂದು ಹೇಳಿದ್ದು ಇಷ್ಟು: ಅದು ತುಂಬಾ ಹಿಂದಿನ ಮಾತು, ನಾನು ಮಾಡಿದ್ದು ಸರಿ ಅಂತ ನನಗೆ ಅನಿಸಿತ್ತು, ಸರ್ಕಾರ ಮಾಡಿದ್ದು ತಪ್ಪು. ಅಲ್ಲಿಗೆ ಮುಗೀತು. ಅಪ್ಪನ ಕಣ್ಣಲ್ಲಿ ನೋವು ಕಾಣಿಸಿತು, ಮುಂದೆ ಕೇಳೋಕೆ ಬಾಯಿ ಬರಲಿಲ್ಲ ಅಂತ ಕ್ಯಾರನ್ ಆಮೇಲೆ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. ಇನ್ನೂ ವಿಚಿತ್ರ ಇದೆ. ಕೆಲವು ವರ್ಷ ಬಿಟ್ಟು ಅವರ ತಮ್ಮನಿಗೂ ಈ ವಿಷಯ ಗೊತ್ತಾಗಿದ್ದು ಸ್ಕೂಲಿನಲ್ಲೇ! ಅಂದರೆ ಮಗಳಿಗೆ ಗೊತ್ತಾದ ಮೇಲೂ ಆ ಮನೆಯಲ್ಲಿ ಯಾರೂ ಮಗನಿಗೆ ಹೇಳಿರಲಿಲ್ಲ. ಅಪ್ಪ ಹೇಳಲಿಲ್ಲ, ಅಮ್ಮ ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ.

ಹಿರಿಯರ ಬಾಯಿಂದ ಹಳೆಯ ನೋವನ್ನು ಹೇಗೆ ಹೊರಡಿಸೋದು ಅಂತ ಮಾತು ಬಂದಾಗೆಲ್ಲ ಒಂದೇ ಉಪದೇಶ ಕೇಳಿಬರುತ್ತದೆ. ಪ್ರೀತಿಯಿಂದ ಕೇಳಿ, ಪಕ್ಕ ಕೂತು ಕೇಳಿ, ತಾಳ್ಮೆ ಇರಲಿ, ತಾನಾಗೇ ಹೇಳ್ತಾರೆ. ಈ ಪ್ರಕರಣ ನನ್ನನ್ನು ಹಿಡಿದಿರೋದು ಇದಕ್ಕೇ: ಇಲ್ಲಿ ಪ್ರೀತಿಯಿಂದ ಕೇಳಿದ ಮಗಳಿಗೆ ಸಿಕ್ಕಿದ್ದು ಎರಡು ಮೂರು ಮಾತು. ಅದಾಗಿ ಸುಮಾರು 15 ವರ್ಷಕ್ಕೆ ಫೈಲು ಹಿಡಿದು ಬಂದ ಒಬ್ಬ ಅಪರಿಚಿತನ ಮುಂದೆ ಅದೇ ಅಪ್ಪ ಒಂದೇ ಭೇಟಿಯಲ್ಲಿ ಬಾಯಿ ಬಿಟ್ಟರು. ಯಾಕೆ ಹಾಗಾಯಿತು ಅನ್ನೋದನ್ನು ಮೊದಲಿಂದ ನೋಡೋಣ.

ನಡೆದದ್ದು

ಫ್ರೆಡ್ ಕೋರೆಮಾತ್ಸು ಹುಟ್ಟಿದ್ದು 1919ರ ಜನವರಿ 30ರಂದು, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ. ಅಪ್ಪ ಅಮ್ಮ ಜಪಾನಿನಿಂದ ಬಂದು ಅಲ್ಲಿ ಹೂವಿನ ನರ್ಸರಿ ಇಟ್ಟುಕೊಂಡಿದ್ದರು. ನಾಲ್ಕು ಗಂಡುಮಕ್ಕಳಲ್ಲಿ ಇವರು ಮೂರನೆಯವರು. ವೆಲ್ಡಿಂಗ್ ಕಲಿತು ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬ ಗೆಳತಿ ಇದ್ದಳು, ಇಟಲಿ ಮೂಲದವಳು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066 ನಂಬರಿನ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನ, ಕೈಯಲ್ಲಿ ಹೊರಲಾಗುವಷ್ಟು ಸಾಮಾನು ಹಿಡಿದು, ಮನೆ ಅಂಗಡಿ ಹೊಲ ಎಲ್ಲ ಬಿಟ್ಟು ಹೊರಡಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ವಿಚಾರಣೆ ಇಲ್ಲ, ಆರೋಪವೂ ಇಲ್ಲ. ಮೊದಲು ಕುದುರೆ ರೇಸ್ ಕೋರ್ಸು, ಜಾತ್ರೆ ಮೈದಾನಗಳಂಥ ಕಡೆ ಗುಡ್ಡೆ ಹಾಕಿದರು, ಆಮೇಲೆ ಮರಳುಗಾಡು ಜೌಗು ನೋಡದೆ ಕಟ್ಟಿದ 10 ದೊಡ್ಡ ಶಿಬಿರಗಳಿಗೆ ಸಾಗಿಸಿದರು.

ಫ್ರೆಡ್ ಮನೆಯವರು ಹೊರಟರು. ಫ್ರೆಡ್ ಹೋಗಲಿಲ್ಲ. 23 ವರ್ಷದ ಹುಡುಗ, ಗೆಳತಿಯನ್ನು ಬಿಟ್ಟು ಹೋಗೋಕೆ ಮನಸ್ಸಿಲ್ಲ, ತಾನು ಅಮೆರಿಕದವನೇ ಅನ್ನೋದರಲ್ಲಿ ಅನುಮಾನವೂ ಇಲ್ಲ. ಗುರುತು ಸಿಗದಿರಲಿ ಅಂತ ಕಣ್ಣಿನ ರೆಪ್ಪೆಗೆ ಸಣ್ಣ ಆಪರೇಶನ್ ಮಾಡಿಸಿಕೊಂಡರು. ಹೆಸರು ಬದಲಾಯಿಸಿಕೊಂಡು ಸ್ಪ್ಯಾನಿಶ್ ಮತ್ತು ಹವಾಯಿ ಮೂಲದವನು ಅಂತ ಹೇಳಿಕೊಂಡರು. ಮೇ 30ರಂದು ಸ್ಯಾನ್ ಲಿಯಾಂಡ್ರೋದ ಬೀದಿಯಲ್ಲಿ ಪೊಲೀಸರು ಹಿಡಿದರು. ಈ ಆಪರೇಶನ್ ವಿಷಯ ಯಾಕೆ ಬರೆದೆ ಅಂದರೆ, ಫ್ರೆಡ್ ಹೋರಾಟಗಾರನಾಗಿ ಹುಟ್ಟಿದವರಲ್ಲ. ಮೊದಲು ಬಯಸಿದ್ದು ಸುಮ್ನೆ ಬದುಕೋಕೆ ಬಿಡಲಿ ಅನ್ನೋದನ್ನ.

ಜೈಲಿನಲ್ಲಿದ್ದಾಗ ಅರ್ನೆಸ್ಟ್ ಬೆಸಿಗ್ ಅನ್ನೋರು ಬಂದು ಕಂಡರು. ಉತ್ತರ ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಸಂಸ್ಥೆಯ ಮುಖ್ಯಸ್ಥರು. ಈ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸೋಕೆ ಯಾರಾದರೂ ಮುಂದೆ ಬರುತ್ತಾರಾ ಅಂತ ಹುಡುಕುತ್ತಿದ್ದರು. ಫ್ರೆಡ್ ಒಪ್ಪಿದರು. ಬೆಸಿಗ್ ಜಾಮೀನು ಕಟ್ಟಿ ಬಿಡಿಸಿದರೆ, ಹೊರಗೆ ಕಾಲಿಟ್ಟ ಕೂಡಲೇ ಮಿಲಿಟರಿ ಪೊಲೀಸರು ಮತ್ತೆ ಹಿಡಿದುಕೊಂಡು ಟ್ಯಾನ್‌ಫೊರಾನ್‌ಗೆ ಒಯ್ದರು.

ಟ್ಯಾನ್‌ಫೊರಾನ್ ಅಂದರೆ ಸ್ಯಾನ್ ಬ್ರೂನೋದ ರೇಸ್ ಕೋರ್ಸು. ನಮ್ಮ ಎಷ್ಟೋ ಕನ್ನಡದವರು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದು ರೈಲಿನಲ್ಲಿ ಹೋಗುವಾಗ ಆ ಜಾಗದ ಪಕ್ಕದಲ್ಲೇ ಹಾದು ಹೋಗಿರುತ್ತಾರೆ, ಆಮೇಲೆ ಅಲ್ಲಿ ಶಾಪಿಂಗ್ ಮಾಲ್ ಎದ್ದಿತ್ತು. 1942ರಲ್ಲಿ ಅಲ್ಲಿ ಇಡೀ ಇಡೀ ಸಂಸಾರಗಳನ್ನು ಇಳಿಸಿದ್ದು ಕುದುರೆ ಲಾಯಗಳಲ್ಲಿ. ಒಂದು ಸಂಸಾರಕ್ಕೆ ಒಂದು ಲಾಯ. ಬಾಗಿಲ ಕೆಳಗೆ ಸಂದು, ಗೋಡೆಯಲ್ಲಿ ಬಿರುಕು, ಗಾಳಿ ಧೂಳು ಒಳಗೆ. ಒಂದು ಬಲ್ಬು. ಮಲಗೋಕೆ ಹುಲ್ಲು ತುಂಬಿದ ಹಾಸಿಗೆ. ಮಣ್ಣಿನ ನೆಲ. ಇದಕ್ಕಿಂತ ಜೈಲೇ ವಾಸಿ ಅನಿಸಿತ್ತು ಅಂತ ಫ್ರೆಡ್ ಆಮೇಲೆ ಹೇಳಿದರು.

ಆ ಲಾಯಗಳ ನಡುವೆ ಇನ್ನೊಂದು ಆಯಿತು. ನನ್ನ ಲೆಕ್ಕದಲ್ಲಿ ಮೌನದ ಬೇರು ಇರೋದು ಇಲ್ಲೇ. ಕೇಸು ಮುಂದುವರಿಸಬೇಕಾ ಬೇಡವಾ ಅಂತ ಅಣ್ಣ ಒಂದಷ್ಟು ಜನರನ್ನು ಸೇರಿಸಿ ಮಾತಾಡಿಸಿದರು. ಯಾರೂ ಬೆಂಬಲಿಸಲಿಲ್ಲ. ಸರ್ಕಾರ ಹೇಳಿದ ಹಾಗೆ ತಲೆ ಬಗ್ಗಿಸಿ ನಡೆದರೆ ನಮ್ಮ ನಿಷ್ಠೆ ಕಾಣುತ್ತದೆ, ಈ ಹುಡುಗ ಕೋರ್ಟಿಗೆ ಹೋಗಿ ಎಲ್ಲರಿಗೂ ಕಷ್ಟ ತರುತ್ತಾನೆ ಅನ್ನೋ ಭಯ. ಜಪಾನಿ ಮೂಲದವರ ದೊಡ್ಡ ಸಂಘ ಕೂಡ ಆ ದಿನಗಳಲ್ಲಿ ಇಂಥ ಕೇಸುಗಳಿಗೆ ವಿರುದ್ಧವಾಗಿತ್ತು. ಆಗ ನಮ್ಮವರೆಲ್ಲ ನನಗೆ ಬೆನ್ನು ತಿರುಗಿಸಿದರು, ಗಲಾಟೆ ಎಬ್ಬಿಸೋನು ಅಂದುಕೊಂಡರು ಅಂತ ಫ್ರೆಡ್ ಎಷ್ಟೋ ವರ್ಷ ಆದ ಮೇಲೆ ಹೇಳಿದ್ದಾರೆ.

ಸೆಪ್ಟೆಂಬರಿನಲ್ಲಿ ಫೆಡರಲ್ ಕೋರ್ಟು ಅವರನ್ನು ಅಪರಾಧಿ ಅಂದಿತು. ಅಲ್ಲಿಂದ ಯೂಟಾ ರಾಜ್ಯದ ಮರಳುಗಾಡಿನ ಟೋಪಾಝ್ ಶಿಬಿರ, ಆಮೇಲೆ ಹೊರಗೆ ಕೆಲಸಕ್ಕೆ ಹೋಗಲು ಅನುಮತಿ, ಕೊನೆಗೆ ಡೆಟ್ರಾಯಿಟ್. ಅಲ್ಲಿದ್ದಾಗಲೇ 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ 6-3 ಬಹುಮತದಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಸುದ್ದಿ ಬಂದದ್ದು ಬೆಸಿಗ್ ಬರೆದ ಕಾಗದದಲ್ಲಿ. ಫ್ರೆಡ್‌ಗೆ ನಂಬೋಕೇ ಆಗಲಿಲ್ಲ.

ಡೆಟ್ರಾಯಿಟಿನಲ್ಲೇ 1946ರಲ್ಲಿ ಕ್ಯಾಥ್ರಿನ್ ಅವರನ್ನು ಮದುವೆಯಾದರು. ಆಕೆ ಬಿಳಿಯರು, ದಕ್ಷಿಣ ಕ್ಯಾರೊಲಿನಾದವರು. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇಂಥ ಮದುವೆಗೆ ಕಾನೂನು ಒಪ್ಪುತ್ತಿರಲಿಲ್ಲ. 1949ರಲ್ಲಿ ಊರಿಗೆ ವಾಪಸ್. ಡ್ರಾಫ್ಟ್ಸ್‌ಮನ್ ಕೆಲಸ, ಇಬ್ಬರು ಮಕ್ಕಳು, ಮನೆ. ಹೊರಗಿಂದ ನೋಡಿದವರಿಗೆ ಇನ್ನೇನೂ ಕಾಣುತ್ತಿರಲಿಲ್ಲ.

ಯಾಕೆ ಹೇಳಲಿಲ್ಲ

ಜಪಾನಿಗಳು ಹುಟ್ಟು ಮೌನಿಗಳು, ಸಹಿಸಿಕೊಳ್ಳೋದು ಅವರ ಸಂಸ್ಕೃತಿ ಅಂತ ಹೇಳಿ ಕೈ ತೊಳೆದುಕೊಳ್ಳೋರು ಇದ್ದಾರೆ. ನನಗೆ ಅದು ಸೋಮಾರಿ ಉತ್ತರ ಅನಿಸುತ್ತದೆ. ಫ್ರೆಡ್ ಸಹಿಸಿಕೊಂಡು ಕೂರದ ಮನುಷ್ಯ ಅಂತ 1942ರಲ್ಲೇ ತೋರಿಸಿದ್ದರಲ್ವಾ. ಅವರು ಸುಮ್ಮನಿದ್ದಿದ್ದಕ್ಕೆ ಬೇರೆ, ತುಂಬಾ ಸ್ಪಷ್ಟವಾದ ಕಾರಣಗಳಿದ್ದವು.

ಮೊದಲನೆಯದು, ಸುಪ್ರೀಂ ಕೋರ್ಟ್ ತೀರ್ಪು ಹಾಗೇ ನಿಂತಿತ್ತು. ದಾಖಲೆಯಲ್ಲಿ ಅವರು ಅಪರಾಧಿ. ಮಗಳಿಗೆ ಕಥೆ ಹೇಳಬೇಕು ಅಂದರೆ ಕೊನೆಯಲ್ಲಿ ನಾನು ಸೋತೆ ಅಂತ ಹೇಳಬೇಕು. ನಮ್ಮದು ಸರಿ, ಅವರದು ತಪ್ಪು ಅಂತ ಹೇಳೋಕೆ ಕೈಯಲ್ಲಿ ಏನೂ ಇಲ್ಲ, ತನ್ನ ಅನಿಸಿಕೆ ಬಿಟ್ಟರೆ. ಅಪ್ಪ ಆ ಸಂಜೆ ಮಗಳಿಗೆ ಹೇಳಿದ್ದು ಕೂಡ ಅದನ್ನೇ ನೋಡಿ: ಸರಿ ಅಂತ ನನಗೆ ಅನಿಸಿತ್ತು.

ಎರಡನೆಯದು ತಮ್ಮವರೇ ಬೆನ್ನು ತಿರುಗಿಸಿದ್ದು. ಹೊರಗಿನವರು ಮಾಡಿದ ಅನ್ಯಾಯವನ್ನು ಮಕ್ಕಳಿಗೆ ಹೇಳಬಹುದು. ಆದರೆ ಭಾನುವಾರ ಊಟಕ್ಕೆ ಬರುವ ನೆಂಟರು, ಚರ್ಚಿನಲ್ಲಿ ಕೈ ಕುಲುಕುವವರು, ಅವರಲ್ಲೇ ಕೆಲವರು ಅವತ್ತು ನಮ್ಮನ್ನು ದೂರ ಇಟ್ಟಿದ್ದರು ಅಂತ ಮಕ್ಕಳ ಮುಂದೆ ಹೇಗೆ ಹೇಳೋದು? ಹೇಳಿದರೆ ಹಳೆಯ ಗಾಯದ ಜೊತೆ ಇವತ್ತಿನ ನೆಂಟಸ್ತಿಕೆಯೂ ಕೆಡುತ್ತದೆ.

ಮೂರನೆಯದೇ ಮುಖ್ಯ, ಮತ್ತು ಹೊರಗಿನವರ ಊಹೆಗೆ ಸಿಗದ್ದು. ತಾನು ಸೋತಿದ್ದರಿಂದಲೇ ಎಲ್ಲರಿಗೂ ಹೀಗಾಯಿತೇನೋ ಅನ್ನೋ ಒಂದು ಭಾರ ಫ್ರೆಡ್ ಒಳಗಿತ್ತು. ಆಮೇಲೆ ಅವರನ್ನು ಹತ್ತಿರದಿಂದ ಕಂಡ ಕಾನೂನು ಇತಿಹಾಸಕಾರ ಪೀಟರ್ ಐರನ್ಸ್ ಇದನ್ನು ಗುರುತಿಸಿ ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಅರ್ಥವೇ ಇಲ್ಲ, ಜನ ಶಿಬಿರಕ್ಕೆ ಹೋದದ್ದು 1942ರಲ್ಲಿ, ತೀರ್ಪು ಬಂದದ್ದು 1944ರಲ್ಲಿ. ಆದರೆ ಆ ತೀರ್ಪಿನ ಮೇಲೆ ಬರೆದಿರೋದು ಅವರ ಹೆಸರು. ಕಾನೂನು ಓದುವ ಪ್ರತಿ ಹುಡುಗನೂ ಕೋರೆಮಾತ್ಸು ಅಂದರೆ ಸರ್ಕಾರ ಗೆದ್ದ ಕೇಸು ಅಂತ ಓದುತ್ತಾನೆ. ಮಗಳು ಬಂದು ಕೇಳಿದಾಗ ಅವಳಿಗೆ ಕಂಡ ನೋವು ಬರೀ ಕುದುರೆ ಲಾಯದ ನೋವಲ್ಲ ಅಂತ ನನ್ನ ಅಂದಾಜು.

ಇನ್ನೊಂದು ಗಮನಿಸಬೇಕು. ಕ್ಯಾಥ್ರಿನ್‌ಗೆ ಎಲ್ಲ ಗೊತ್ತಿತ್ತು. ಅಂದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟು ಅಲ್ಲ ಇದು. ಗಂಡ ಹೆಂಡತಿ ನಡುವೆ ತಿಳಿದಿದ್ದ ವಿಷಯ, ಮಕ್ಕಳ ಹತ್ತಿರ ಬಂದಾಗ ನಿಲ್ಲುತ್ತಿತ್ತು. ಸರಿಯಾದ ಹೊತ್ತು ನೋಡಿ ಹೇಳೋಣ ಅಂತ ಇದ್ದರಂತೆ. ಆ ಹೊತ್ತು ಬರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ, ಅಜ್ಜಿಗೆ ಗೊತ್ತು, ದೊಡ್ಡಪ್ಪನಿಗೆ ಗೊತ್ತು, ಕೇಳಿದರೆ ಹಳೇದೆಲ್ಲ ಈಗ್ಯಾಕೆ ಬಿಡು ಅನ್ನುತ್ತಾರೆ.

ಕೋರೆಮಾತ್ಸು ಮನೆ ಒಂದೇ ಹೀಗಿತ್ತು ಅಂತಲ್ಲ. ಶಿಬಿರದಿಂದ ಬಂದ ಸಾವಿರಾರು ಮನೆಗಳಲ್ಲಿ ಇದೇ ಪಾಡು. ಮಕ್ಕಳಿಗೆ ಬೇಸ್‌ಬಾಲ್ ಆಡಿದ್ದು, ಶನಿವಾರದ ಡ್ಯಾನ್ಸು, ಊಟದ ಸಾಲು, ಧೂಳಿನ ಬಿರುಗಾಳಿ ಇಷ್ಟು ಹೇಳಿ ನಿಲ್ಲಿಸುತ್ತಿದ್ದರು. ಅದಕ್ಕೂ ಒಂದು ಕಾರಣ ಇತ್ತು. 1943ರಲ್ಲಿ ಸರ್ಕಾರ ಶಿಬಿರದಲ್ಲಿದ್ದ ದೊಡ್ಡವರ ಕೈಗೆಲ್ಲ ಒಂದು ಪ್ರಶ್ನೆಪತ್ರಿಕೆ ಕೊಟ್ಟಿತು. 27ನೇ ಪ್ರಶ್ನೆ: ಹೇಳಿದ ಕಡೆ ಹೋಗಿ ಅಮೆರಿಕದ ಸೇನೆಯಲ್ಲಿ ಯುದ್ಧ ಮಾಡ್ತೀರಾ? 28ನೆಯದು: ಅಮೆರಿಕಕ್ಕೆ ಪೂರ್ತಿ ನಿಷ್ಠರಾಗಿದ್ದು ಜಪಾನ್ ಚಕ್ರವರ್ತಿಯ ಮೇಲಿನ ನಿಷ್ಠೆ ಬಿಡ್ತೀರಾ? ಜಪಾನಿನಿಂದ ಬಂದ ಹಿರಿಯರಿಗೆ ಆಗ ಅಮೆರಿಕದ ಪೌರತ್ವ ಪಡೆಯೋ ಹಕ್ಕೇ ಇರಲಿಲ್ಲ. ಹೌದು ಅಂದರೆ ಯಾವ ದೇಶಕ್ಕೂ ಸೇರದವರಾಗುತ್ತಾರೆ, ಇಲ್ಲ ಅಂದರೆ ದ್ರೋಹಿ. ಇಲ್ಲಿ ಹುಟ್ಟಿದ ಮಕ್ಕಳಿಗೆ, ಇಲ್ಲದ ನಿಷ್ಠೆಯನ್ನು ಬಿಡೋದು ಹೇಗೆ ಅನ್ನೋ ಸಿಟ್ಟು. ಒಂದೇ ಮನೆಯಲ್ಲಿ ಅಪ್ಪನದು ಒಂದು ಉತ್ತರ, ಮಗನದು ಇನ್ನೊಂದು. ಇಲ್ಲ ಅಂದವರನ್ನು ಟೂಲಿ ಲೇಕ್ ಶಿಬಿರಕ್ಕೆ ಕಳಿಸಿದರು. ಒಂದು ಕಡೆ ಸೇನೆಗೆ ಸೇರಿ ಯುರೋಪಿನಲ್ಲಿ ಸತ್ತ ಹುಡುಗರು, ಇನ್ನೊಂದು ಕಡೆ ನಮ್ಮನ್ನು ಬಿಡುಗಡೆ ಮಾಡಿ, ಆಮೇಲೆ ಸೇನೆಗೆ ಕರೀರಿ ಅಂತ ನಿರಾಕರಿಸಿ ಜೈಲಿಗೆ ಹೋದ ಹುಡುಗರು. ಯುದ್ಧ ಮುಗಿದ ಮೇಲೆ ಇವರೆಲ್ಲ ಅದೇ ಊರುಗಳಲ್ಲಿ ಅಕ್ಕಪಕ್ಕ ಬದುಕಬೇಕಿತ್ತು. ನೀವು ಯಾವ ಉತ್ತರ ಬರೆದಿದ್ರಿ ಅಂತ ಯಾರೂ ಯಾರನ್ನೂ ಕೇಳದಿದ್ದರೇ ವಾಸಿ.

ಮೂರನೇ ತಲೆಮಾರಿನ ಮಕ್ಕಳು 60ರ ದಶಕದ ಕೊನೆಗೆ ಕಾಲೇಜಿಗೆ ಹೋಗಿ ಅಲ್ಲಿನ ಚಳವಳಿಗಳ ಗಾಳಿ ತಾಕಿಸಿಕೊಂಡು ಬಂದು ಅಪ್ಪ ಅಮ್ಮನನ್ನು ಕೇಳಿದ ಪ್ರಶ್ನೆ, ನೀವ್ಯಾಕೆ ಹೋರಾಡಲಿಲ್ಲ ಅನ್ನೋದು. ಆ ವಯಸ್ಸಿನ ಮಕ್ಕಳು ಕೇಳೋದೇ ಹಾಗೆ. ಆದರೆ ಅದರೊಳಗೆ ತೀರ್ಪು ಮೊದಲೇ ಬಂದುಬಿಟ್ಟಿದೆ. ಅಂಥ ಪ್ರಶ್ನೆಗೆ ಯಾರು ತಾನೇ ಬಾಯಿ ತೆರೆಯುತ್ತಾರೆ? ಹೋರಾಡಿದ್ದ ಫ್ರೆಡ್ ಸುಮ್ಮನಿದ್ದರು, ಹೋರಾಡದವರೂ ಸುಮ್ಮನಿದ್ದರು.

ಬಾಯಿ ಬಿಟ್ಟ ದಿನ

1980ರಲ್ಲಿ ಅಮೆರಿಕದ ಸಂಸತ್ತು ಒಂದು ಆಯೋಗ ನೇಮಿಸಿತು. 1981ರಲ್ಲಿ ಅದು ಊರೂರಿಗೆ ಹೋಗಿ ಸಾರ್ವಜನಿಕ ವಿಚಾರಣೆ ನಡೆಸಿತು. 750ಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. 60, 70 ದಾಟಿದವರು ಮೈಕಿನ ಮುಂದೆ ಕೂತು ಮೊದಲ ಸಲ ಮಾತಾಡಿದರು, ಕೆಲವರು ನಡುವೆ ಅತ್ತರು. ಎಷ್ಟೋ ಮಕ್ಕಳು ತಮ್ಮ ಹೆತ್ತವರ ಕಥೆಯನ್ನು ಕೇಳಿದ್ದು ಆ ಸಭಾಂಗಣದಲ್ಲಿ ಕೂತು, ಮನೆಯಲ್ಲಲ್ಲ. ಇದು ನನಗೆ ತುಂಬಾ ಹೇಳುತ್ತದೆ. ಮನೆಯಲ್ಲಿ ಹೇಳಿದರೆ ಅದು ಅಪ್ಪನ ಗೋಳು. ಅಲ್ಲಿ ಹೇಳಿದರೆ ಹೇಳಿಕೆ, ಬರೆದುಕೊಳ್ಳೋರು ಇದ್ದಾರೆ, ಪಕ್ಕದ ಕುರ್ಚಿಯವನೂ ಅದನ್ನೇ ಅನುಭವಿಸಿದ್ದಾನೆ, ಮತ್ತು ಕೇಳುತ್ತಿರೋದು ತಪ್ಪು ಮಾಡಿದ ಸರ್ಕಾರವೇ.

ಇದೇ ಹೊತ್ತಿಗೆ ಆ ಕಾನೂನು ಇತಿಹಾಸಕಾರ ಪೀಟರ್ ಐರನ್ಸ್ ಈ ಕೇಸುಗಳ ಬಗ್ಗೆ ಪುಸ್ತಕ ಬರೆಯೋಕೆ ಸರ್ಕಾರದ ಹಳೆಯ ಫೈಲುಗಳನ್ನು ತೆಗೆಸಿ ನೋಡುತ್ತಿದ್ದರು. ಅದರಲ್ಲಿ ಸರ್ಕಾರದ ವಕೀಲರೇ ತಮ್ಮ ಮೇಲಿನವರಿಗೆ ಬರೆದ ಟಿಪ್ಪಣಿಗಳು ಸಿಕ್ಕವು. ನೌಕಾಪಡೆಯ ಗುಪ್ತಚರ ಅಧಿಕಾರಿ ಕೆನೆತ್ ರಿಂಗಲ್ 1942ರ ಜನವರಿಯಲ್ಲೇ ವರದಿ ಕೊಟ್ಟಿದ್ದರು: ಜಪಾನಿ ಮೂಲದವರಲ್ಲಿ ಅಪಾಯ ಇರೋರು ಕೆಲವೇ ಜನ, ಒಬ್ಬೊಬ್ಬರನ್ನೇ ನೋಡಿ ಕ್ರಮ ತಗೊಂಡರೆ ಸಾಕು, ಇಡೀ ಜನಾಂಗವನ್ನು ಸಾಗಿಸೋದು ಬೇಡ ಅಂತ. ದಡದಿಂದ ಶತ್ರು ಹಡಗುಗಳಿಗೆ ಸಂಕೇತ ಹೋಗುತ್ತಿದೆ ಅನ್ನೋ, ಪಶ್ಚಿಮ ಕರಾವಳಿಯ ಸೇನೆಯ ಮುಖ್ಯಸ್ಥ ಜನರಲ್ ಡಿವಿಟ್ ಮಾತು ಸುಳ್ಳು ಅಂತ ಎಫ್‌ಬಿಐ ಮತ್ತು ರೇಡಿಯೋ ಉಸ್ತುವಾರಿ ಇಲಾಖೆ ಹೇಳಿದ್ದವು. ರಿಂಗಲ್ ವರದಿಯನ್ನು ಕೋರ್ಟಿಗೆ ತಿಳಿಸದಿದ್ದರೆ ಸಾಕ್ಷ್ಯ ಮುಚ್ಚಿಟ್ಟ ಹಾಗಾಗುತ್ತದೆ ಅಂತ ಎಡ್ವರ್ಡ್ ಎನ್ನಿಸ್ ಅನ್ನೋ ವಕೀಲ ಆಗಲೇ ಎಚ್ಚರಿಸಿದ್ದರು. ಮೇಲಿನವರು ಕೇಳಲಿಲ್ಲ. ಕೋರ್ಟಿಗೆ ಹೇಳಲೂ ಇಲ್ಲ.

ಇನ್ನೊಂದು ಕಡೆ ಐಕೋ ಹರ್ಝಿಗ್ ಯೋಶಿನಾಗ ಅನ್ನೋ ಮಹಿಳೆ. ಹೈಸ್ಕೂಲಿನ ಕೊನೆಯಲ್ಲಿದ್ದಾಗ ತಾವೇ ಶಿಬಿರಕ್ಕೆ ಹೋಗಿ ಬಂದವರು. ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ದಿನಗಟ್ಟಲೆ ಕೂತು ಹುಡುಕುತ್ತಿದ್ದರು. 1982ರಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರ ಮೇಜಿನ ಮೂಲೆಯಲ್ಲಿ, ಜನರನ್ನು ಯಾಕೆ ಸಾಗಿಸಿದೆವು ಅಂತ ಡಿವಿಟ್ ಕೊಟ್ಟಿದ್ದ ವರದಿಯ ಮೊದಲ ಪ್ರತಿ ಅವರ ಕಣ್ಣಿಗೆ ಬಿತ್ತು. ಸುಟ್ಟು ಹಾಕಿ ಅಂತ ಯುದ್ಧ ಇಲಾಖೆ ಹೇಳಿದ್ದ ಪ್ರತಿ, ಹೇಗೋ ಒಂದು ಉಳಿದಿತ್ತು. ಒಬ್ಬೊಬ್ಬರನ್ನೇ ವಿಚಾರಿಸೋಕೆ ಟೈಮ್ ಇರಲಿಲ್ಲ ಅಂತ ಸರ್ಕಾರ ಕೋರ್ಟಿಗೆ ಹೇಳಿತ್ತು. ಈ ಮೊದಲ ಪ್ರತಿಯಲ್ಲಿ ಟೈಮ್ ಸಾಲದ್ದು ಕಾರಣ ಅಲ್ಲ ಅಂತಲೇ ಇತ್ತು. ಎಷ್ಟು ಟೈಮ್ ಕೊಟ್ಟರೂ ಇವರಲ್ಲಿ ಒಳ್ಳೆಯವರು ಕೆಟ್ಟವರು ಅಂತ ಬೇರೆ ಮಾಡೋಕಾಗಲ್ಲ ಅನ್ನೋ ಅರ್ಥದ ಮಾತು ಇತ್ತು.

1982ರ ಜನವರಿಯಲ್ಲಿ ಐರನ್ಸ್ ತಮಗೆ ಸಿಕ್ಕಿದ್ದ ಕಾಗದಗಳನ್ನು ಹಿಡಿದು ಸ್ಯಾನ್ ಲಿಯಾಂಡ್ರೋದ ಫ್ರೆಡ್ ಮನೆಗೆ ಹೋದರು. ಫ್ರೆಡ್ ಸಾಮಾನ್ಯವಾಗಿ ಇಂಥವರ ಹತ್ತಿರ ಮಾತಾಡುತ್ತಿರಲಿಲ್ಲ. ಐರನ್ಸ್ ಪ್ರಶ್ನೆ ಶುರು ಮಾಡಲಿಲ್ಲ, ಕಾಗದ ಕೈಗಿಟ್ಟರು. ಫ್ರೆಡ್ ಪೈಪ್ ಸೇದುತ್ತಾ ಒಂದೊಂದೇ ಹಾಳೆ ಓದಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಓದಿ ಮುಗಿಸಿ ತಲೆಯೆತ್ತಿ, ಇವರು ನನಗೆ ದೊಡ್ಡ ಅನ್ಯಾಯ ಮಾಡಿದ್ದಾರೆ ಅಂದರು. ಆಮೇಲೆ ಕೇಳಿದ್ದು, ನೀವು ವಕೀಲರಾ, ನನ್ನ ಕೇಸು ನಡೆಸ್ತೀರಾ ಅಂತ.

15 ವರ್ಷದ ಹಿಂದಿನ ಮಾತಿನ ಪಕ್ಕ ಇದನ್ನಿಟ್ಟು ನೋಡಿ. ಅವತ್ತು, ನಾನು ಮಾಡಿದ್ದು ಸರಿ ಅಂತ ನನಗೆ ಅನಿಸಿತ್ತು. ಇವತ್ತು, ಅವರು ನನಗೆ ಅನ್ಯಾಯ ಮಾಡಿದ್ದಾರೆ. ನಡುವೆ ಬದಲಾದದ್ದು ಫ್ರೆಡ್ ಸ್ವಭಾವ ಅಲ್ಲ, ವಯಸ್ಸಾಗಿ ಮೆತ್ತಗಾದರು ಅಂತಲೂ ಅಲ್ಲ. ತಾನು ಸೋತದ್ದು ತನ್ನ ಕೇಸು ದುರ್ಬಲವಾಗಿದ್ದಕ್ಕಲ್ಲ, ಎದುರಿನವರು ಕೋರ್ಟಿಗೆ ಸುಳ್ಳು ಹೇಳಿದ್ದಕ್ಕೆ ಅನ್ನೋದು ಅವರದೇ ಕಾಗದದಲ್ಲಿ ಕಣ್ಣೆದುರಿಗೆ ಬಂತು. 1,20,000 ಜನರ ಭಾರ ಅವರ ಹೆಗಲಿಂದ ಸರ್ಕಾರದ ಹೆಗಲಿಗೆ ಹೋಯಿತು. ಮಗಳ ಪ್ರೀತಿ ಎಷ್ಟೇ ಇದ್ದರೂ ಈ ಕೆಲಸ ಅದರ ಕೈಲಾಗೋದಲ್ಲ. ಅದಕ್ಕೆ ಕಾಗದವೇ ಬೇಕಿತ್ತು.

ಐರನ್ಸ್ ಬಗ್ಗೆಯೂ ಒಂದು ಮಾತು. ವಿಯೆಟ್ನಾಂ ಕಾಲದಲ್ಲಿ ಸೇನೆಗೆ ಸೇರೋಕೆ ಒಪ್ಪದೆ ಜೈಲು ಕಂಡು ಬಂದವರು ಅವರು. ಆಮೇಲೆ ಅವರ ಮೇಲಿದ್ದ ತೀರ್ಪು ರದ್ದಾಗಿದ್ದು ಕೋರಮ್ ನೋಬಿಸ್ ಅನ್ನೋ ಹಳೆಯ ಕಾನೂನಿನ ದಾರಿಯಲ್ಲಿ. ಶಿಕ್ಷೆ ಮುಗಿದು ಎಷ್ಟೇ ವರ್ಷವಾಗಿರಲಿ, ತೀರ್ಪು ಬಂದದ್ದೇ ದೊಡ್ಡ ತಪ್ಪಿನ ಮೇಲೆ ಅಂತ ತೋರಿಸಿದರೆ ಅದನ್ನು ಕೊಟ್ಟ ಕೋರ್ಟೇ ತೆಗೆದುಹಾಕಬಹುದು. ಆ ದಾರಿಯನ್ನೇ ಫ್ರೆಡ್‌ಗೂ ತೋರಿಸಿದರು. ಜೈಲು ಕಂಡವನ ಹತ್ತಿರ ಜೈಲು ಕಂಡವನು ಮಾತಾಡೋದು ಸುಲಭ ಇರಬಹುದು ಅಂತ ನನಗೆ ಅನಿಸುತ್ತದೆ.

ಆಮೇಲೆ

ಕೇಸು ನಡೆಸಿದ್ದು ಡೇಲ್ ಮಿನಾಮಿ ಮುಂದಾಳತ್ವದ ಎಳೆಯ ವಕೀಲರ ಗುಂಪು, ಫೀಸಿಲ್ಲದೆ. ಅವರಲ್ಲಿ ಅನೇಕರ ಅಪ್ಪ ಅಮ್ಮನೇ ಶಿಬಿರದಲ್ಲಿದ್ದವರು, ಮನೆಯಲ್ಲಿ ಬಾಯಿ ಬಿಡದವರು. 1983ರಲ್ಲಿ ಅರ್ಜಿ ಹಾಕಿದರು. ಸರ್ಕಾರ ಕ್ಷಮಾದಾನ ಕೊಡ್ತೀವಿ ಅಂತ ಮುಂದೆ ಬಂತು. ಫ್ರೆಡ್ ಬೇಡ ಅಂದರು. ಕ್ಷಮಿಸೋದಿದ್ದರೆ ನಾನು ಸರ್ಕಾರವನ್ನು ಕ್ಷಮಿಸಬೇಕು ಅನ್ನೋದು ಅವರ ವಾದ. ನೋಡಿ, ಇದೇ ಮನುಷ್ಯ ಮಕ್ಕಳಿಗೆ ಅದು ತುಂಬಾ ಹಿಂದಿನ ಮಾತು ಅಂದಿದ್ದು.

1983ರ ನವೆಂಬರ್ 10. ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟು. ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್. ಜನ ಜಾಸ್ತಿ ಬರುತ್ತಾರೆ ಅಂತ ದೊಡ್ಡ ಹಾಲಿಗೆ ಬದಲಾಯಿಸಿದ್ದರು, ತುಂಬಿದವರಲ್ಲಿ ಶಿಬಿರ ಕಂಡ ಮುದುಕರು ಮುದುಕಿಯರು ಬಹಳ. 41 ವರ್ಷದ ಹಿಂದೆ ಇವರನ್ನು ದೂರ ಇಟ್ಟಿದ್ದ ಸಮುದಾಯವೇ ಇದು. ಫ್ರೆಡ್ ಎದ್ದು ನಿಂತು ಸ್ವಲ್ಪವೇ ಮಾತಾಡಿದರು. ಕೈಗೆ ಬೇಡಿ ಹಾಕಿ ಕೋರ್ಟಿಗೆ ತಂದಿದ್ದು, ಟ್ಯಾನ್‌ಫೊರಾನ್‌ನ ಲಾಯಗಳು, ಅವು ಕುದುರೆಗಳಿಗೆ ಅಂತ ಕಟ್ಟಿದ್ದು ಮನುಷ್ಯರಿಗಲ್ಲ ಅನ್ನೋದು. ಸರ್ಕಾರ ತಪ್ಪು ಒಪ್ಪಿಕೊಳ್ಳಬೇಕು, ಇನ್ಯಾವ ಬಣ್ಣದ, ಇನ್ಯಾವ ಮತದ ಪ್ರಜೆಗೂ ಹೀಗಾಗಬಾರದು ಅಂದರು. ನ್ಯಾಯಾಧೀಶೆ ಅಲ್ಲೇ, ಆಗಲೇ ತೀರ್ಪು ರದ್ದು ಮಾಡಿದರು.

ಆಮೇಲಿನ 20 ವರ್ಷ ಫ್ರೆಡ್ ಕಾಲೇಜು, ಸ್ಕೂಲು, ಸಭೆ ಅಂತ ದೇಶವೆಲ್ಲ ಓಡಾಡಿ ಮಾತಾಡಿದರು. ದೊಡ್ಡ ಮಾತುಗಾರ ಆಗಲಿಲ್ಲ, ಕಡಿಮೆ ಮಾತಿನ ಮನುಷ್ಯನೇ, ಆದರೆ ಕರೆದ ಕಡೆ ಹೋದರು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶದ ದೊಡ್ಡ ನಾಗರಿಕ ಪದಕ ಕೊಟ್ಟರು. 2001ರ ಸೆಪ್ಟೆಂಬರ್ ದಾಳಿಯ ನಂತರ ಮುಸ್ಲಿಮರನ್ನು ವಿಚಾರಣೆ ಇಲ್ಲದೆ ಕೂಡಿಹಾಕೋಕೆ ಶುರುವಾದಾಗ, 80 ದಾಟಿದ್ದ ಫ್ರೆಡ್ ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ತಮ್ಮ ಅಭಿಪ್ರಾಯ ಸಲ್ಲಿಸಿದರು. 2005ರ ಮಾರ್ಚ್ 30ರಂದು ತೀರಿಕೊಂಡರು.

ಆ ನಡುವೆ 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿಯೊಂದಿಗೆ ಒಂದು ಕಾಯ್ದೆ ಬಂತು. ಕ್ಷಮೆ ಕೇಳಿ, ಶಿಬಿರದಲ್ಲಿದ್ದು ಇನ್ನೂ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡೋದು. ಒಟ್ಟು 82,219 ಜನಕ್ಕೆ ಸಿಕ್ಕಿತು. ಜಪಾನಿನಿಂದ ಬಂದ ಮೊದಲ ತಲೆಮಾರಿನವರಲ್ಲಿ ಬಹಳ ಜನ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವರ ಬಾಯಿಂದ ಬರಬೇಕಾದ್ದು ಬರಲೇ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಹಾಗಾದರೆ ಮಗಳು ಕೇಳಿದ್ದು ದಂಡವಾ? ನನಗೆ ಹಾಗನಿಸಲ್ಲ. ಆ ಸಂಜೆ ಅವಳು ಎರಡನೇ ಪ್ರಶ್ನೆ ಕೇಳದೆ ಬಿಟ್ಟಿದ್ದು ಸರಿಯೇ. ಒತ್ತಾಯ ಮಾಡಿದ್ದರೆ ಕೈಯಲ್ಲಿ ಏನೂ ಇಲ್ಲದ ಮನುಷ್ಯ ಇನ್ನಷ್ಟು ಒಳಗೆ ಹೋಗುತ್ತಿದ್ದರು. ಮಕ್ಕಳಿಗೆ ಗೊತ್ತು ಅನ್ನೋದು ಅಪ್ಪನಿಗೆ ಗೊತ್ತಾಯಿತು, ಅಷ್ಟು ಅವತ್ತಿಗೆ ಸಾಕಿತ್ತು. ನನ್ನ ತಕರಾರು ಇರೋದು, ಮನೆಯವರು ಸರಿಯಾಗಿ ಕೇಳಿದರೆ ಎಲ್ಲ ಹಿರಿಯರೂ ಹೇಳ್ತಾರೆ ಅನ್ನೋ ನಂಬಿಕೆಯ ಮೇಲೆ. ಹೇಳದಿದ್ದರೆ ಕೇಳಿದವರದೇ ತಪ್ಪೇನೋ ಅನ್ನೋ ಹಾಗಾಗುತ್ತದೆ ಆಗ. ಕೆಲವರಿಗೆ ಬೇಕಿರೋದು ಹಳೆಯ ಒಂದು ಆದೇಶದ ಪ್ರತಿ, ಒಂದು ಪಟ್ಟಿಯಲ್ಲಿ ತಮ್ಮ ಹೆಸರು, ಅದೇ ಶಿಬಿರದಲ್ಲಿದ್ದ ಇನ್ನೊಬ್ಬರು. ಅದನ್ನು ಹುಡುಕಿ ತರೋ ಕೆಲಸ ಮಕ್ಕಳು ಮಾಡಬಹುದು, ಮಾತಾಡಿಸೋ ಕೆಲಸಕ್ಕಿಂತ ಅದು ಉಪಯೋಗಕ್ಕೆ ಬರಬಹುದು.

ಕ್ಯಾರನ್ ವೃತ್ತಿಯಿಂದ ಒಳಾಂಗಣ ವಿನ್ಯಾಸ ಮಾಡುತ್ತಿದ್ದವರು. ಅಪ್ಪನ ಹೆಸರಿನ ಸಂಸ್ಥೆ 2009ರಲ್ಲಿ ಶುರುವಾಯಿತು, ಅದನ್ನು ಕಟ್ಟಿದ್ದು ಇವರೇ. 2011ರಿಂದ ಕ್ಯಾಲಿಫೋರ್ನಿಯಾದಲ್ಲಿ ಜನವರಿ 30 ಫ್ರೆಡ್ ಕೋರೆಮಾತ್ಸು ದಿನ. ಅದೇ ವರ್ಷ ಸರ್ಕಾರದ ಪ್ರಭಾರಿ ಸಾಲಿಸಿಟರ್ ಜನರಲ್ ಆಗಿದ್ದ ಭಾರತೀಯ ಮೂಲದ ನೀಲ್ ಕತ್ಯಾಲ್, ರಿಂಗಲ್ ವರದಿಯನ್ನು ಕೋರ್ಟಿನಿಂದ ಮುಚ್ಚಿಟ್ಟದ್ದು ನಮ್ಮ ಕಚೇರಿಯ ತಪ್ಪು ಅಂತ ಬರೆದು ಒಪ್ಪಿಕೊಂಡರು.

ಆದರೆ 1944ರ ಸುಪ್ರೀಂ ಕೋರ್ಟ್ ತೀರ್ಪು ಹಾಗೇ ಇತ್ತು. ಪಟೇಲ್ ತೆಗೆದಿದ್ದು ಫ್ರೆಡ್ ಮೇಲಿನ ಅಪರಾಧದ ದಾಖಲೆಯನ್ನ, ಮೇಲಿನ ಕೋರ್ಟಿನ ತೀರ್ಪನ್ನು ಅವರು ಮುಟ್ಟೋ ಹಾಗಿರಲಿಲ್ಲ. 2018ರಲ್ಲಿ ಕೆಲವು ಮುಸ್ಲಿಂ ದೇಶಗಳವರು ಅಮೆರಿಕಕ್ಕೆ ಬರೋದನ್ನು ತಡೆದ ಟ್ರಂಪ್ ಆದೇಶ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅದರ ವಿರುದ್ಧ ವಾದಿಸಿದ್ದು ಇದೇ ಕತ್ಯಾಲ್. ಯುದ್ಧಕಾಲದಲ್ಲಿ ಫ್ರೆಡ್ ಥರವೇ ಕೋರ್ಟಿಗೆ ಹೋಗಿ ಸೋತಿದ್ದ ಇನ್ನಿಬ್ಬರು ಗೋರ್ಡನ್ ಹಿರಬಯಾಶಿ ಮತ್ತು ಮಿನೋರು ಯಾಸುಯಿ. ಆ ಮೂವರ ಮಕ್ಕಳೂ ಸೇರಿ, ಕ್ಯಾರನ್ ಜೊತೆಗೆ, ಕೋರ್ಟಿಗೆ ತಮ್ಮ ಅಭಿಪ್ರಾಯ ಸಲ್ಲಿಸಿದರು: ನಮ್ಮ ಅಪ್ಪಂದಿರ ಕೇಸಿನಲ್ಲಿ ಆದದ್ದನ್ನು ಮತ್ತೆ ಮಾಡಬೇಡಿ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕೋರೆಮಾತ್ಸು ತೀರ್ಪು ಕೊಟ್ಟ ದಿನವೇ ಘೋರ ತಪ್ಪಾಗಿತ್ತು ಅಂತ ಬರೆದರು, ಅದೇ ತೀರ್ಪಿನಲ್ಲಿ ಟ್ರಂಪ್ ಆದೇಶವನ್ನು ಎತ್ತಿ ಹಿಡಿದರು. ಒಂದು ಅನ್ಯಾಯವನ್ನು ತೆಗೆದು ಆ ಜಾಗಕ್ಕೆ ಇನ್ನೊಂದನ್ನು ಕೂರಿಸಿದ್ದಾರೆ ಅಂತ ಕ್ಯಾರನ್ ಪತ್ರಿಕೆಯಲ್ಲಿ ಬರೆದರು.